ಏಕಸಂಬಿಗೆ ಬಂದ ಹಾಪ್ಸ್

ಹೋದ ದೀಪಾವಳಿಗೆ ಜರ್ಮನಿಯಿಂದ ಊರಿಗೆ ಬಂದ ಅಣ್ಣನ ಮಗ ತನ್ನ ತಾಯಿಗಾಗಿ ಗುಳಿಗೆಯ ಡಬ್ಬಿಯೊಂದನ್ನು ತಂದಿದ್ದ. ವೈನಿಗೆ ಒಂದು ವರ್ಷದಿಂದ ಸರಿಯಾದ ನಿದ್ದೆಯಿಲ್ಲ. ನಡುರಾತ್ರಿ ಎದ್ದು ಪಡಸಾಲೆಯಲ್ಲಿ ಕೂರುತ್ತಾರೆ, ಣಮೋಕಾರ ಹೇಳಿಕೊಳ್ಳುತ್ತಾರೆ, ಬೆಳಗಿನ ಹೊತ್ತಿಗೆ ಕಣ್ಣು ಕೆಂಪಗಾಗಿರುತ್ತದೆ. ಡಬ್ಬಿಯ ಮೇಲೆ ಹಸಿರು ಬಳ್ಳಿಯ ಚಿತ್ರವಿತ್ತು. ಅದರಲ್ಲಿ ಸಣ್ಣ ಸಣ್ಣ ಹಸಿರು ಗೊಂಚಲುಗಳು, ನಮ್ಮ ಕಡೆಯ ಯಾವ ಗಿಡದಲ್ಲೂ ನಾನು ಕಾಣದ ಆಕಾರದವು.

"ಕಾಕಾ, ಇದು ಬರೇ ಗಿಡಮೂಲಿಕಿ. ಹಾಪ್ಸ್ ಅಂತಾರ. ಅಲ್ಲಿ ಎಲ್ಲಾ ಔಷಧದ ಅಂಗಡ್ಯಾಗ ಸಿಗತೈತಿ, ಚೀಟಿನೂ ಬೇಕಾಗಂಗಿಲ್ಲ" ಎಂದ ಹುಡುಗ. ಪಕ್ಕದಲ್ಲಿ ಕೂತಿದ್ದ ಅವನ ಚಿಕ್ಕ ತಮ್ಮ ಮೊಬೈಲಿನಲ್ಲಿ ಹುಡುಕಿ, "ಅವ್ವಾ, ಇದು ಬಿಯರಿಗೆ ಹಾಕೋ ಗಿಡ!" ಎಂದುಬಿಟ್ಟ. ವೈನಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. ನಮ್ಮದು ಜೈನರ ಮನೆ. ಮದ್ಯ, ಮಾಂಸ, ಮಧು ಈ ಮೂರು ಮನೆಯ ಹೊಸ್ತಿಲು ದಾಟಿದ್ದಿಲ್ಲ. ಆ ಸಂಜೆ ಮನೆಯಲ್ಲಿ ಚರ್ಚೆಯಾದದ್ದು ಒಂದೇ: ಈ ಗುಳಿಗೆ ಮದ್ಯದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಇತಿಹಾಸ ಓದಿಕೊಂಡವನು ಎಂಬ ಕಾರಣಕ್ಕೆ ಉತ್ತರ ಹುಡುಕುವ ಕೆಲಸ ನನಗೆ ಬಂತು.

ಹುಡುಕುತ್ತ ಹೋದಾಗ ನಾನು ಮೊದಲು ತಲುಪಿದ್ದು ನಮ್ಮ ಊರಿನ ಬಸದಿಯ ಕಾಲಕ್ಕೆ.

ಹಾಪ್ಸ್ ತಂಪು ಸೀಮೆಯ ಬಳ್ಳಿ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ಬೇರು ಮಾತ್ರ ಉಳಿದು, ವಸಂತದಲ್ಲಿ ಮತ್ತೆ ಚಿಗುರಿ, ಆಸರೆ ಕೊಟ್ಟರೆ ಒಂದೇ ಬೇಸಿಗೆಯಲ್ಲಿ ಎರಡಾಳು ಮೂರಾಳು ಎತ್ತರ ಹಬ್ಬುತ್ತದೆ. ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ಅದರಂತೆ ಇದರಲ್ಲೂ ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಬೇಕಾದದ್ದು ಹೆಣ್ಣು ಬಳ್ಳಿಯ ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಹಳದಿ ಪುಡಿಯಂಥ ಅಂಟುಕಣಗಳಿರುತ್ತವೆ. ಕಹಿ, ವಾಸನೆ, ಔಷಧ ಗುಣ ಎಲ್ಲ ಇರುವುದು ಅಲ್ಲಿಯೇ. ಚೆನ್ನಾಗಿ ಬೆಳೆದು ಫಸಲು ಕೊಡಲು ಇದಕ್ಕೆ ಬೇಸಿಗೆಯ ಉದ್ದ ಹಗಲು ಬೇಕು. ಬವೇರಿಯಾದಲ್ಲಿ ಜೂನ್ ತಿಂಗಳ ಹಗಲು 16 ಗಂಟೆಯದು. ದೂಧಗಂಗೆಯ ದಂಡೆಯ ನಮ್ಮ ಏಕಸಂಬಿಯಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಭಾರತದಲ್ಲಿ 19ನೇ ಶತಮಾನದಲ್ಲಿ ಕಾಶ್ಮೀರದಲ್ಲಿ ಇದನ್ನು ಬೆಳೆಸಿ ನೋಡಿದ್ದಾರೆ. ಈಗ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಆದ್ದರಿಂದ ಕನ್ನಡದಲ್ಲಿ ಇದಕ್ಕೊಂದು ಮನೆಮಾತಿನ ಹೆಸರಿಲ್ಲ. ನಮ್ಮ ಅಜ್ಜಿಯರಿಗೆ ಗೊತ್ತಿಲ್ಲದ ಬಳ್ಳಿ ಇದು.

ಯುರೋಪಿನಲ್ಲಿ ಇದನ್ನು ಸಾಕಿ ಬೆಳೆಸಿದವರಲ್ಲಿ ಕ್ರೈಸ್ತ ಮಠದವರು ಮುಖ್ಯರು. ಫ್ರಾನ್ಸಿನ ಕಾರ್ಬಿ ಮಠದ ಅಧಿಪತಿ ಆಡಲ್‌ಹಾರ್ಡ್ 822ರಲ್ಲಿ ಬರೆಸಿದ ಮಠದ ಕಟ್ಟಳೆಗಳಲ್ಲಿ ಹಾಪ್ಸ್ ಸಂಗ್ರಹದ ಮಾತು ಬರುತ್ತದೆ. ಅದರ ವೈದ್ಯಗುಣದ ಬಗ್ಗೆ ಹೆಸರಾದ ಹಳೆಯ ಬರಹ ಒಬ್ಬ ಸನ್ಯಾಸಿನಿಯದು. ರೈನ್ ನದಿಯ ದಂಡೆಯ ಬಿಂಗನ್ನಿನ ಹಿಲ್ಡೆಗಾರ್ಡ್ (1098–1179) ತನ್ನ 'ಫಿಸಿಕಾ' ಎಂಬ ಗ್ರಂಥದಲ್ಲಿ ಗಿಡ, ಕಲ್ಲು, ಪ್ರಾಣಿಗಳ ಗುಣಗಳನ್ನು ಒಂದೊಂದಾಗಿ ಹೇಳುತ್ತಾಳೆ. ಹಾಪ್ಸ್ ಬಗ್ಗೆ ಅವಳಿಗೆ ಅಂಥ ಒಲವಿಲ್ಲ. ಅದು ಒಣಗಿಸುವ ಗುಣದ್ದು, ಮನುಷ್ಯನಿಗೆ ಹೆಚ್ಚು ಉಪಯೋಗವಿಲ್ಲ, ಮನಸ್ಸಿನಲ್ಲಿ ವಿಷಾದ ಹೆಚ್ಚಿಸುತ್ತದೆ, ಕರುಳನ್ನು ಒಣಗಿಸುತ್ತದೆ. ಆದರೆ ಅದರ ಕಹಿ ಪಾನೀಯ ಕೆಡದಂತೆ ಕಾಯುತ್ತದೆ ಎನ್ನುವುದು ಅವಳ ಅಭಿಪ್ರಾಯ. ಇದನ್ನು ಓದಿದಾಗ ನನಗೆ ನಮ್ಮ ಆಯುರ್ವೇದದ ತಿಕ್ತರಸದ ವಿವರಣೆ ನೆನಪಾಯಿತು. ಕಹಿ ಅತಿಯಾದರೆ ದೇಹ ಒಣಗುತ್ತದೆ, ವಾತ ಹೆಚ್ಚುತ್ತದೆ ಎಂದು ಅಲ್ಲೂ ಹೇಳಿದೆ. ಒಬ್ಬರನ್ನೊಬ್ಬರು ಅರಿಯದ ಎರಡು ವೈದ್ಯಗಳು ನಾಲಗೆಯ ಮೇಲಿನ ಒಂದೇ ರುಚಿಯಿಂದ ಹತ್ತಿರದ ತೀರ್ಮಾನಕ್ಕೆ ಬಂದಿವೆ.

ಹಿಲ್ಡೆಗಾರ್ಡ್ ತನ್ನ ಮಠದಲ್ಲಿ ಬದುಕಿದ್ದ ಕಾಲದಲ್ಲೇ, 1165ರಲ್ಲಿ, ನಮ್ಮೂರಿನ ನೇಮಿನಾಥ ಬಸದಿಯ ಶಾಸನ ಹುಟ್ಟಿತು. ಊರಿನ ಹೆಸರು ಅದರಲ್ಲಿ ಎಕ್ಕಸಂಬುಗೆ. ಕೊಲ್ಲಾಪುರ ಸೀಮೆಯ ಶಿಲಾಹಾರ ಅರಸ ವಿಜಯಾದಿತ್ಯನ ದಂಡನಾಯಕ ಕಾಲಣ ಈ ಬಸದಿ ಕಟ್ಟಿಸಿದ. ಅದರ ಕೀರ್ತಿ ಕೇಳಿ ರಟ್ಟರ ಕಾರ್ತವೀರ್ಯನೂ ಇಲ್ಲಿಗೆ ಬಂದು ದಾನ ಕೊಟ್ಟ. ಬಸದಿಯ ಹೊಣೆ ಹೊತ್ತ ವಿಜಯಕೀರ್ತಿ ಯಾಪನೀಯ ಸಂಘದ ಮುನಿ. ಈ ಯಾಪನೀಯರು ದಿಗಂಬರರಂತೆ ಬತ್ತಲೆ ಇರುತ್ತಿದ್ದರು. ಆದರೆ ಶ್ವೇತಾಂಬರರಂತೆ ಹೆಣ್ಣಿಗೂ ಮೋಕ್ಷ ಉಂಟು ಎಂದು ನಂಬಿದ್ದರು. ಮರೆತುಹೋಗಿದ್ದ ಈ ಸಂಘದ ಇತಿಹಾಸವನ್ನು ಮತ್ತೆ ಬೆಳಕಿಗೆ ತಂದ ವಿದ್ವಾಂಸರಲ್ಲಿ ಪ್ರಮುಖರಾದ ಎ. ಎನ್. ಉಪಾಧ್ಯೆ (1906–1975) ನಮ್ಮ ನೆರೆಯ ಸದಲಗಾದವರೇ.

ಜೈನರಲ್ಲಿ ದಾನ ನಾಲ್ಕು ಬಗೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಔಷಧ ಕೊಡುವುದು ಅನ್ನ ಕೊಡುವುದರ ಸಾಲಿನಲ್ಲೇ ನಿಂತ ಧರ್ಮ. ಔಷಧ ಧರ್ಮವಾದ ಮೇಲೆ ಆ ಔಷಧ ಯಾವುದರಿಂದ ಆದದ್ದು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಚರಕನ ಪರಂಪರೆಯ ವೈದ್ಯದಲ್ಲಿ ಮಾಂಸರಸಕ್ಕೂ ಮದ್ಯಕ್ಕೂ ಜಾಗವಿತ್ತು. ಜೈನ ವೈದ್ಯರು ಇದನ್ನು ಒಪ್ಪಲಿಲ್ಲ. 9ನೇ ಶತಮಾನದಲ್ಲಿ ಉಗ್ರಾದಿತ್ಯ ಎಂಬ ಮುನಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಬರೆದ. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ, ವೈದ್ಯರ ಎದುರಿಗೆ, ಮಾಂಸ ಔಷಧವಲ್ಲ ಎಂದು ವಾದಿಸಿದ ಮಾತುಗಳು ಆ ಗ್ರಂಥದ ಕೊನೆಯಲ್ಲಿ ಹಿತಾಹಿತ ಎಂಬ ಭಾಗವಾಗಿ ಸೇರಿವೆ. ಆ ಗ್ರಂಥ 1940ರಲ್ಲಿ ಅಚ್ಚಾದದ್ದು ನಮಗೆ ಹತ್ತಿರದ ಸೊಲ್ಲಾಪುರದಲ್ಲಿ.

ಕನ್ನಡದಲ್ಲಿ ಈ ದಾರಿ ಹಿಡಿದವನು ಜಗದ್ದಳ ಸೋಮನಾಥ. ಸುಮಾರು 1150ರಲ್ಲಿ, ಎಂದರೆ ಹಿಲ್ಡೆಗಾರ್ಡ್ 'ಫಿಸಿಕಾ' ಬರೆಯುತ್ತಿದ್ದ ವರ್ಷಗಳಲ್ಲೇ, ಅವನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ' ಎಂದು ಕನ್ನಡಕ್ಕೆ ತಂದ. ಅದರ ಚಿಕಿತ್ಸೆಯಲ್ಲಿ ಮಾಂಸವೂ ಇಲ್ಲ, ಮದ್ಯವೂ ಇಲ್ಲ. ಅದೇ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆ 'ಗೋವೈದ್ಯ' ಬರೆದ. ಎರಡು ಶತಮಾನಗಳ ನಂತರ ಮಂಗರಾಜ ವಿಷವೈದ್ಯಕ್ಕೆ 'ಖಗೇಂದ್ರಮಣಿದರ್ಪಣ' ಬರೆದ. ಅರಸು, ಮುನಿ, ಕವಿ ಎಲ್ಲರೂ ಕೈಹಾಕಿದ ವಿದ್ಯೆ ಇದು. ಅಲ್ಲಿ ರೈನ್ ದಂಡೆಯ ಮಠದಲ್ಲಿ ಒಬ್ಬ ಸನ್ಯಾಸಿನಿ, ಇಲ್ಲಿ ಬಸದಿಗಳ ನೆರಳಿನಲ್ಲಿ ನಮ್ಮವರು, ಒಂದೇ ಕಾಲದಲ್ಲಿ ಒಂದೇ ಕೆಲಸಕ್ಕೆ ಕೂತಿದ್ದರು.

ಈಗ ವೈನಿಯ ಪ್ರಶ್ನೆಗೆ ಬರೋಣ. ಹಾಪ್ಸ್ ಮದ್ಯವೇ?

ಅಲ್ಲ. ಬಿಯರಿನ ಅಮಲು ಬರುವುದು ಮೊಳಕೆ ಬರಿಸಿದ ಜವೆಗೋಧಿಯ ಸಕ್ಕರೆಯಿಂದ. ಅದನ್ನು ಹುದುಗಿಸುವುದು ಯೀಸ್ಟ್. ಹಾಪ್ಸ್ ಸೇರಿಸುವುದು ಕಹಿಗೆ, ವಾಸನೆಗೆ ಮತ್ತು ಬೇಗ ಹುಳಿಯದಿರಲಿ ಎಂಬುದಕ್ಕೆ. 1516ರಲ್ಲಿ ಬವೇರಿಯಾದ ಅರಸರು ಬಿಯರಿಗೆ ಜವೆಗೋಧಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಎಂದು ಕಟ್ಟಳೆ ಮಾಡಿದ ಮೇಲೆ ಇವೆರಡರ ಹೆಸರು ಬಿಡಿಸಲಾಗದಂತೆ ಅಂಟಿಕೊಂಡವು. 18ನೇ ಶತಮಾನದ ಕೊನೆಗೆ ಲಂಡನ್ನಿನಿಂದ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಬಿಯರಿಗೆ ಹಾಪ್ಸ್ ಹೆಚ್ಚು ಹಾಕುತ್ತಿದ್ದರು. ತಿಂಗಳುಗಟ್ಟಲೆ ಸೆಕೆಯಲ್ಲಿ ಸಾಗಿದರೂ ಅದು ಕೆಡಬಾರದಿತ್ತು. ಈ ಬಳ್ಳಿ ಭಾರತಕ್ಕೆ ಪರಿಚಯವಾದದ್ದು ಹಾಗೆ, ಗೋರಾ ಸಿಪಾಯಿಗಳ ಪೀಪಾಯಿಯೊಳಗೆ. ಔಷಧವಾಗಿ ಅಲ್ಲ.

ಇದನ್ನೆಲ್ಲ ಹೇಳಿದಾಗ ವೈನಿ ಒಂದು ಮಾತು ಕೇಳಿದರು. "ಹಂಗಾರ ನಾವು ಬಾಣಂತ್ಯಾರಿಗೆ ಕೊಡೋ ದಶಮೂಲಾರಿಷ್ಟ?" ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಅರಿಷ್ಟ, ಆಸವಗಳು ಹುದುಗಿಸಿಯೇ ಮಾಡುವ ಔಷಧಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯದ ಅಂಶ ಇದೆ ಎಂದು ಶೀಶೆಯ ಮೇಲೇ ಬರೆದಿರುತ್ತಾರೆ. ಅದನ್ನು ಓದದೆ ನಮ್ಮಂಥ ಎಷ್ಟೋ ಮನೆಗಳಲ್ಲಿ ಮೂರು ತಲೆಮಾರಿನಿಂದ ಕುಡಿಸುತ್ತಿದ್ದೇವೆ. ಪರಿಚಯದ ಹೆಸರನ್ನು ನಾವು ಪರೀಕ್ಷಿಸುವುದಿಲ್ಲ, ಪರದೇಶದ ಹೆಸರನ್ನು ಮಾತ್ರ ತಡೆದು ನಿಲ್ಲಿಸುತ್ತೇವೆ. ಉಗ್ರಾದಿತ್ಯ ಇಂದು ನಮ್ಮ ಪಡಸಾಲೆಗೆ ಬಂದಿದ್ದರೆ ಆ ಗುಳಿಗೆಗಿಂತ ಮೊದಲು ಕಪಾಟಿನ ಶೀಶೆಯನ್ನು ಕೈಗೆತ್ತಿಕೊಳ್ಳುತ್ತಿದ್ದನೇನೋ.

ಧರ್ಮದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಗುಳಿಗೆ ಮದ್ಯವಲ್ಲ, ತೆಗೆದುಕೊಳ್ಳಬಹುದು ಎಂದು ಮನೆಮಂದಿ ತೀರ್ಮಾನಿಸಿದರು. ಹೊತ್ತು ಮುಳುಗಿದ ಮೇಲೆ ವೈನಿ ಏನನ್ನೂ ಬಾಯಿಗೆ ಹಾಕುವುದಿಲ್ಲವಾದ್ದರಿಂದ ಸಂಜೆಯ ಊಟದ ಜೊತೆಗೇ ನುಂಗುವುದು ಎಂದೂ ಆಯಿತು. ಡಬ್ಬಿಯನ್ನು ನಾನೇ ಒಂದು ವಾರ ತಡೆದೆ. ನಿದ್ದೆಗೂ ಈ ಬಳ್ಳಿಗೂ ನಂಟು ಯಾವಾಗ ಬಂತು ಎಂಬುದು ನನಗೆ ಇನ್ನೂ ಸಿಕ್ಕಿರಲಿಲ್ಲ.

ಹಿಲ್ಡೆಗಾರ್ಡ್ ಹಾಪ್ಸ್ ಬಗ್ಗೆ ಬರೆದಲ್ಲಿ ನಿದ್ದೆಯ ಮಾತಿಲ್ಲ. ಇಂಗ್ಲೆಂಡಿನ ನಿಕೊಲಸ್ ಕಲ್ಪೆಪರ್ 1650ರ ದಶಕದಲ್ಲಿ ಬಡವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಗಿಡಮೂಲಿಕೆಯ ಪುಸ್ತಕದಲ್ಲೂ ಇಲ್ಲ. ಅವನ ಪ್ರಕಾರ ಹಾಪ್ಸ್ ಯಕೃತ್ತಿನ ಅಡ್ಡಿ ಬಿಡಿಸುತ್ತದೆ, ರಕ್ತ ಶುದ್ಧಮಾಡುತ್ತದೆ, ಮೂತ್ರ ಹರಿಸುತ್ತದೆ, ಕಜ್ಜಿ ತುರಿಕೆ ಕಳೆಯುತ್ತದೆ, ಹುಳ ಕೊಲ್ಲುತ್ತದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಮಾತು: ಬೀಜದ ಪುಡಿ ಹೆಂಗಸರ ನಿಂತ ಮುಟ್ಟನ್ನು ತರಿಸುತ್ತದೆ. ಮೊದಲ ಓದಿನಲ್ಲಿ ಈ ಸಾಲನ್ನು ನಾನು ದಾಟಿಹೋದೆ.

ನಿದ್ದೆಯ ಖ್ಯಾತಿ ಬಂದದ್ದು ತಡವಾಗಿ. ಹಾಪ್ಸ್ ತೋಟಗಳಲ್ಲಿ ಹೂ ಬಿಡಿಸುವವರಿಗೆ ತೂಕಡಿಕೆ ಬರುತ್ತದೆ ಎಂಬ ಮಾತಿತ್ತು. ಒಣ ಹೂ ತುಂಬಿದ ದಿಂಬಿನ ಮೇಲೆ ಮಲಗಿಸುವ ಪದ್ಧತಿ ಬಂತು. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನಿಗೂ ಅಂಥ ದಿಂಬು ಕೊಟ್ಟಿದ್ದರೆಂಬ ಕತೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. 1820ರಲ್ಲಿ ನ್ಯೂಯಾರ್ಕಿನ ವೈದ್ಯ ಐವ್ಸ್ ಆ ಹಳದಿ ಪುಡಿಯನ್ನು ಬೇರ್ಪಡಿಸಿ ಲುಪುಲಿನ್ ಎಂದು ಕರೆದ. 19ನೇ ಶತಮಾನದ ಔಷಧಕೋಶಗಳಲ್ಲಿ ಹಾಪ್ಸ್ ನರಗಳನ್ನು ಶಾಂತಗೊಳಿಸುವ ಮದ್ದಾಗಿ ಸೇರಿತು. ಮುಂದೆ ಜರ್ಮನ್ ಸರಕಾರದ ಗಿಡಮೂಲಿಕೆ ಸಮಿತಿ 1984ರಲ್ಲಿ ಚಡಪಡಿಕೆ, ಆತಂಕ ಮತ್ತು ನಿದ್ದೆಯ ತೊಂದರೆಗೆ ಇದನ್ನು ಒಪ್ಪಿಕೊಂಡಿತು. ಸಾಮಾನ್ಯವಾಗಿ ಇದನ್ನು ವಲೇರಿಯನ್ ಬೇರಿನ ಜೊತೆ ಕೊಡುತ್ತಾರೆ. ವಲೇರಿಯನ್ ನಮಗೆ ಪೂರ್ತಿ ಅಪರಿಚಿತವಲ್ಲ. ನಮ್ಮ ಆಯುರ್ವೇದದ ತಗರ ಅದೇ ಜಾತಿಯ ಹಿಮಾಲಯದ ಗಿಡ, ಜಟಾಮಾಂಸಿ ಅದರ ದೂರದ ಸಂಬಂಧಿ.

ಹಾಗಾದರೆ ಅದು ಕೆಲಸ ಮಾಡುತ್ತದೆಯೇ? ಯುರೋಪಿನ ಔಷಧ ಸಂಸ್ಥೆ ಹಾಪ್ಸ್‌ಗೆ ಕೊಟ್ಟಿರುವ ಮಾನ್ಯತೆ 'ಸಾಂಪ್ರದಾಯಿಕ ಬಳಕೆ' ಎಂಬ ವರ್ಗದ್ದು. ಬಹುಕಾಲದಿಂದ ಜನ ಬಳಸಿದ್ದಾರೆ, ದೊಡ್ಡ ಅಪಾಯ ಕಂಡಿಲ್ಲ, ಆದ್ದರಿಂದ ಸಣ್ಣ ಒತ್ತಡಕ್ಕೆ, ನಿದ್ದೆಗೆ ಮಾರಬಹುದು ಎಂದು ಅದರ ಅರ್ಥ. ರೋಗಿಗಳ ಮೇಲಿನ ಪರೀಕ್ಷೆಯಿಂದ ಗುಣ ಸಾಬೀತಾಗಿದೆ ಎಂದು ಅರ್ಥವಲ್ಲ. ಪರೀಕ್ಷೆಗಳು ನಡೆದಿಲ್ಲವೆಂದಲ್ಲ, ಹಲವು ಚಿಕ್ಕವು, ಬಹಳಷ್ಟರಲ್ಲಿ ವಲೇರಿಯನ್ ಜೊತೆಗಿರುವುದರಿಂದ ಯಾವುದರ ಫಲ ಯಾವುದೆಂದು ಬಿಡಿಸುವುದು ಕಷ್ಟ. ಅಣ್ಣನ ಮಗ 'ಚೀಟಿ ಬೇಕಿಲ್ಲ' ಎಂದಾಗ ನಾವೆಲ್ಲ ಅದನ್ನು 'ಭಯವಿಲ್ಲ' ಎಂದು ಕೇಳಿಸಿಕೊಂಡಿದ್ದೆವು.

ಕಲ್ಪೆಪರನ ಆ ಸಾಲು ಮತ್ತೆ ನೆನಪಾದದ್ದು ಇಲ್ಲಿ. ಹಾಪ್ಸ್ ಬಿಡಿಸುವ ಹೆಂಗಸರಿಗೆ ಮುಟ್ಟು ಏರುಪೇರಾಗುತ್ತದೆ ಎಂಬ ಮಾತು ಯುರೋಪಿನ ತೋಟಗಳಲ್ಲಿ ಹಿಂದಿನಿಂದಲೂ ಇತ್ತು. ಗಾದೆಯಂತೆ ಕೇಳಿ ಬಿಟ್ಟಿದ್ದರು. 1999ರಲ್ಲಿ ವಿಜ್ಞಾನಿಗಳು ಹಾಪ್ಸ್‌ನಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ವಸ್ತುವೊಂದನ್ನು ಗುರುತಿಸಿದರು. ಅದರ ಹೆಸರು 8-ಪ್ರೆನೈಲ್‌ನರಿಂಜೆನಿನ್. ಗಿಡಗಳಲ್ಲಿ ಸಿಗುವ ಅಂಥ ವಸ್ತುಗಳಲ್ಲಿ ಇದು ಅತ್ಯಂತ ಪ್ರಬಲವಾದವುಗಳಲ್ಲೊಂದು. ಮುಟ್ಟು ನಿಂತ ಹೆಂಗಸರ ಮೈಬಿಸಿ, ಬೆವರು ಕಡಿಮೆ ಮಾಡಲು ಹಾಪ್ಸ್ ಸಾರವನ್ನು ಈಗ ಮಾರುತ್ತಿರುವುದೂ ಇದೇ ಕಾರಣಕ್ಕೆ.

ವೈನಿಗೆ ಎರಡು ವರ್ಷದ ಹಿಂದೆ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದೆ. ಅವರದು ಈಸ್ಟ್ರೋಜನ್ ಆಸರೆಯಿಂದ ಬೆಳೆಯುವ ಬಗೆ. ಅದಕ್ಕಾಗಿ ಮೈಯಲ್ಲಿ ಆ ಹಾರ್ಮೋನನ್ನು ತಗ್ಗಿಸುವ ಗುಳಿಗೆಯನ್ನು ಅವರು ದಿನಾಲೂ ನುಂಗಬೇಕು, ಐದು ವರ್ಷ. ನಿದ್ದೆ ಕೆಡುವುದು, ರಾತ್ರಿ ಮೈ ಬೆವರುವುದು ಆ ಗುಳಿಗೆಯ ಗೊತ್ತಿರುವ ಪರಿಣಾಮಗಳೇ. ಎಂದರೆ, ಒಂದು ಔಷಧ ಮೈಯಿಂದ ತಗ್ಗಿಸುತ್ತಿರುವುದನ್ನೇ ಹೋಲುವ ವಸ್ತುವನ್ನು ಇನ್ನೊಂದು ಔಷಧದಿಂದ ಒಳಗೆ ಹಾಕಲು ನಾವು ಹೊರಟಿದ್ದೆವು. ಒಂದು ಗುಳಿಗೆಯಲ್ಲಿ ಇರುವ ಪ್ರಮಾಣ ಬಹಳ ಕಡಿಮೆಯೇ ಇರಬಹುದು. ವೈನಿಯ ಚಿಕಿತ್ಸೆ ನೋಡುತ್ತಿರುವ ಡಾಕ್ಟರಿಗೆ ಫೋನ್ ಮಾಡಿದೆ. ಡಬ್ಬಿಯ ಹಿಂದಿನ ಬರಹದ ಫೋಟೋ ಕಳಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಇವರ ಸ್ಥಿತಿಯಲ್ಲಿ ಬೇಡ. ನಿದ್ದೆಯ ತೊಂದರೆ ಇದೆ ಅಂತ ಮೊದಲೇ ಯಾಕೆ ಹೇಳಲಿಲ್ಲ?"

ಆ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಲಿಲ್ಲ. ವರ್ಷವಿಡೀ ರಾತ್ರಿ ಪಡಸಾಲೆಯಲ್ಲಿ ಕೂತಿರುತ್ತಿದ್ದ ಹೆಂಗಸನ್ನು ಮನೆಯಲ್ಲಿ ಎಲ್ಲರೂ ನೋಡಿದ್ದೆವು. ಜಪ ಮಾಡುತ್ತಿದ್ದಾರೆ ಎಂದುಕೊಂಡಿದ್ದೆವು. ಔಷಧ ಬಂದ ಮೇಲೂ ಅದು ಯಾವುದರಿಂದ ಆಗಿದೆ ಎಂದು ಒಂದು ಸಂಜೆಯಿಡೀ ವಾದಿಸಿದೆವು, ಯಾರ ಮೈಗೆ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಹಿತ ಮತ್ತು ಅಹಿತ ಎಂದು ಉಗ್ರಾದಿತ್ಯ ತನ್ನ ವಾದಕ್ಕೆ ಹೆಸರಿಟ್ಟ. ಹಳೆಯ ವೈದ್ಯಶಾಸ್ತ್ರದಲ್ಲಿ ಈ ಎರಡು ಪದಗಳು ವಸ್ತುವಿಗೆ ಅಂಟಿದವಲ್ಲ. ರೋಗಿ, ಕಾಲ, ಪ್ರಮಾಣ ನೋಡಿ ಹೇಳುವಂಥವು. ನಾವು ಶುದ್ಧ, ಅಶುದ್ಧ ಎಂಬ ಅರ್ಧವನ್ನು ಉಳಿಸಿಕೊಂಡು ಉಳಿದರ್ಧವನ್ನು ಮರೆತಿದ್ದೇವೆ. ಇದು ನಮ್ಮ ಮನೆಯ ಕತೆ ಮಾತ್ರವಲ್ಲ ಎಂದುಕೊಂಡಿದ್ದೇನೆ. ಗಿಡಮೂಲಿಕೆ ಎಂದ ಕೂಡಲೇ ನಿಶ್ಚಿಂತರಾಗುವವರು ಜರ್ಮನಿಯಲ್ಲೂ ಇದ್ದಾರೆ, ಚಿಕ್ಕೋಡಿಯಲ್ಲೂ ಇದ್ದಾರೆ.

ಡಾಕ್ಟರು ಬರೆದುಕೊಟ್ಟ ಗುಳಿಗೆ ಬದಲಾಗಿದೆ, ನುಂಗುವ ಹೊತ್ತೂ ಬದಲಾಗಿದೆ. ವೈನಿ ಈಗ ರಾತ್ರಿ ನಾಲ್ಕೈದು ತಾಸು ಮಲಗುತ್ತಾರೆ. ಪೂರ್ತಿ ಸರಿಹೋಗಿಲ್ಲ. ಹಾಪ್ಸ್ ಡಬ್ಬಿಯನ್ನು ಅಣ್ಣನ ಮಗ ಹೋಗುವಾಗ ಚೀಲಕ್ಕೆ ಹಾಕಿಕೊಂಡ. ಅವನ ಮುಖ ಸಣ್ಣಗಾಗಿತ್ತು. "ತಾಯಿಗೆ ನಿದ್ದಿ ಬರಲಿ ಅಂತ ತಂದಿದ್ದಿ, ಅದು ಭೈಷಜ್ಯದಾನನ ಆತು ಬಿಡೋ" ಎಂದೆ. ವೈನಿ ಒಳಗಿನಿಂದಲೇ ಹೇಳಿದರು: "ಮುಂದಿನ ಸಲ ಬರೋವಾಗ ಏನೂ ತರಬ್ಯಾಡ. ನಾಕು ದಿನ ಜಾಸ್ತಿ ಇರು."